ಅಬ್ಬಿಯ ದಾರಿಯಲ್ಲಿ ಅಪ್ಪಯ್ಯನ ಬೆನ್ನು

ಆ ಜಲಪಾತದ ಹೆಸರನ್ನು ನಾನು ಬರೆಯುವುದಿಲ್ಲ. ಗುಟ್ಟು ಕಾಪಾಡಬೇಕೆಂದಲ್ಲ, ಕಾಪಾಡಲು ಗುಟ್ಟೇನೂ ಉಳಿದಿಲ್ಲ. ನಮ್ಮ ಕಡೆ ಎತ್ತರದಿಂದ ನೀರು ಬೀಳುವ ಜಾಗಕ್ಕೆಲ್ಲ ಅಬ್ಬಿ ಎಂದು ಹೆಸರು. ನಮ್ಮ ಹಳೇ ಮನೆಯ ಹತ್ತಿರದ ಅಬ್ಬಿಗೂ ಅಷ್ಟೇ ಇತ್ತು. ಈಗ ಮೊಬೈಲಿನಲ್ಲಿ ಅದಕ್ಕೆ ‘ಹಿಡನ್ ಫಾಲ್ಸ್’ ಎಂದು ನಾಮಕರಣವಾಗಿದೆ. ಶೃಂಗೇರಿ ದಾಟಿದ ಮೇಲೆ ಪ್ರತಿ ತಿರುವಿನಲ್ಲೂ ಈ ಅಡಗಿಕೊಂಡ ಜಲಪಾತಕ್ಕೆ ಬಾಣದ ಗುರುತಿನ ಬೋರ್ಡುಗಳಿವೆ. ಇಷ್ಟು ಬೋರ್ಡು ಹಾಕಿಸಿಕೊಂಡು ಅಡಗಿಕೊಂಡಿರುವ ವಸ್ತು ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ನಾನು ಕೊಪ್ಪದಲ್ಲಿ ಕಾಲೇಜೊಂದರ ಹುಡುಗರಿಗೆ ಇತಿಹಾಸ ಪಾಠ ಹೇಳುತ್ತೇನೆ. ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ್ದನ್ನೆಲ್ಲ ಹಿಂಡಿದರೆ ಉಳಿಯುವುದು ಒಂದೇ ಮಾತು: ಯಾರು ಏನು ಹೇಳಿದರೂ ನಂಬಬೇಡ. ತಾಮ್ರಪಟವನ್ನು ನಂಬಬೇಡ, ಸ್ಥಳಪುರಾಣವನ್ನಂತೂ ನಂಬಲೇಬೇಡ, ‘ನಾನೇ ಕಣ್ಣಾರೆ ನೋಡಿದೆ’ ಎನ್ನುವವನನ್ನು ಎಲ್ಲರಿಗಿಂತ ಕಡಿಮೆ ನಂಬು. ಇದನ್ನೇ ನಾನೂ ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹೇಳುತ್ತೇನೆ. ಹುಡುಗರು ಬರೆದುಕೊಳ್ಳುತ್ತಾರೆ. ಅವರು ನನ್ನ ಮಾತನ್ನೇ ನಂಬದೆ ಎದ್ದು ಹೋದರೆ ಪಾಠ ಯಶಸ್ವಿ ಎನ್ನಬಹುದಿತ್ತು, ಆದರೆ ಹಾಜರಿಗಾಗಿ ಕೂತಿರುತ್ತಾರೆ.

ಇಷ್ಟು ಅನುಮಾನದ ಮನುಷ್ಯ ಒಂದೇ ಒಂದು ವಿಷಯವನ್ನು ಯಾವ ಪರೀಕ್ಷೆಗೂ ಒಡ್ಡದೆ ಇಟ್ಟುಕೊಂಡಿದ್ದೆ. ಅದು ಅಪ್ಪಯ್ಯನ ನೆನಪು. ನಾನು ಶಾಲೆಗೆ ಸೇರುವ ಮೊದಲೇ ಅಪ್ಪಯ್ಯ ತೀರಿಕೊಂಡರು. ಅವರ ಮುಖ ನನಗೆ ಗೊತ್ತಿರುವುದು ಗೋಡೆಯ ಫೋಟೊದಿಂದ. ಅದರಲ್ಲಿ ಎತ್ತರದ ಆಳೊಬ್ಬ ಯಾರದೋ ಮದುವೆಯ ಚಪ್ಪರದ ಕೆಳಗೆ, ಛಾಯಾಗ್ರಾಹಕನಿಗೆ ಏನೋ ಬಾಕಿ ಇಟ್ಟವನಂತೆ ಸೆಟೆದು ನಿಂತಿದ್ದಾನೆ. ಧ್ವನಿ ನೆನಪಿಲ್ಲ. ನಡೆಯುತ್ತಿದ್ದ ರೀತಿ ನೆನಪಿಲ್ಲ. ನೆನಪಿದ್ದದ್ದು ಬೆನ್ನು ಮಾತ್ರ.

ಆಷಾಢದ ಅಮಾವಾಸ್ಯೆಗೆ ಅಬ್ಬಿಯ ಕೆಳಗೆ ಮೀಯಬೇಕೆಂದು ನಮ್ಮ ಅಜ್ಜಿ ಹಟ ಹಿಡಿದಿದ್ದರಂತೆ. ಮನೆಮಂದಿಯೆಲ್ಲ ಹೊರಟೆವು. ಎರಡು ಕಡೆ ಕರೀ ಬಂಡೆ, ನಡುವೆ ಹಳ್ಳ, ಆ ಸಂದಿಯಲ್ಲೇ ಮೇಲಕ್ಕೆ ಹತ್ತಬೇಕು. ನಾನು ಒಂದು ಬೆನ್ನಿನ ಮೇಲಿದ್ದೆ. ಹೊತ್ತವರ ತಲೆಯಿಂದ ಇಳಿಬಿಟ್ಟ ಕಂಬಳಿಕೊಪ್ಪೆ ನನ್ನನ್ನೂ ಮುಚ್ಚಿತ್ತು. ಮಳೆಗಾಲದಲ್ಲಿ ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಚಿ ತಲೆಗೆ ಹಾಕಿಕೊಳ್ಳುವುದಿತ್ತಲ್ಲ, ಅದು. ಒಳಗೆ ಕತ್ತಲೆ, ಒದ್ದೆ ಉಣ್ಣೆಯ ವಾಸನೆ, ಹೊಗೆಸೊಪ್ಪಿನ ಘಾಟು. ಒಂದು ಕಡೆ ಬಂಡೆ ಕಂಬಳಿಯ ಮೇಲಿಂದ ನನ್ನ ತಲೆಯನ್ನು ಸವರಿಕೊಂಡು ಹೋಯಿತು. ನೀರಿನ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ, ಆದರೆ ನನ್ನ ಕೆನ್ನೆ ಒತ್ತಿಕೊಂಡಿದ್ದ ಬೆನ್ನಿನೊಳಗೆ ಏನೋ ಗುನುಗು ನಡೆದಿತ್ತು. ಅಪ್ಪಯ್ಯ ಸ್ತೋತ್ರ ಹೇಳುತ್ತಿದ್ದರು. ಅದು ಒಂದು ಲಯದಲ್ಲಿ ಸಾಗಿ, ಒಂದು ಜಾಗದಲ್ಲಿ ತಡೆದು ನಿಂತು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಪ್ರತಿ ವರ್ಷ ಅಪ್ಪಯ್ಯನ ತಿಥಿಯ ದಿನ, ಊಟದ ಹೊತ್ತಿಗೆ, ನಾನು ಇದನ್ನು ಹೇಳುವುದು ರೂಢಿ. ಬೇರೆ ಯಾರಲ್ಲೂ ಇಂಥ ಸರಕು ಇರಲಿಲ್ಲ. ಅಮ್ಮ ಇದ್ದಾಗ ಕೇಳಿಸಿಕೊಂಡು ಸುಮ್ಮನಿರುತ್ತಿದ್ದಳು. ಈಗ ಅಮ್ಮನೂ ಇಲ್ಲ, ಅಜ್ಜಿ ಹೋಗಿ ಯಾವ ಕಾಲವಾಯಿತೋ. ಕತೆ ಮಾತ್ರ ವರ್ಷವರ್ಷಕ್ಕೆ ಮೈ ತುಂಬಿಕೊಳ್ಳುತ್ತ ಬಂತು. ಸ್ತೋತ್ರ ನಿಲ್ಲುತ್ತಿದ್ದ ಆ ಜಾಗಕ್ಕೆ ನಾನು ಒಂದು ವ್ಯಾಖ್ಯಾನವನ್ನೂ ಕೊಟ್ಟಿದ್ದೆ. ಅಲ್ಲಿ ಅಪ್ಪಯ್ಯ ದೇವರಿಗೆ ಮನಸ್ಸಿನಲ್ಲೇ ನಮಸ್ಕಾರ ಮಾಡುತ್ತಿದ್ದಿರಬೇಕು ಎಂದು. ಇದೇ ಮಾತನ್ನು ವಿದ್ಯಾರ್ಥಿಯೊಬ್ಬ ಬರೆದಿದ್ದರೆ ಕೆಂಪು ಶಾಯಿಯಲ್ಲಿ ‘ಆಧಾರ?’ ಎಂದು ಕೇಳುತ್ತಿದ್ದೆ.

ಈ ವರ್ಷ ಇನ್ನೊಂದು ಹೊಸ ಭಾಗ ಸೇರಿತು. ಅದು ಎಲ್ಲಿಂದ ಬಂತೋ ನನಗೆ ನಿಜವಾಗಿ ಗೊತ್ತಿಲ್ಲ. “ಅಕ್ಕ ಹೆದರಿ ಕೆಳಗೇ ಕೂತು ಅಳ್ತಾ ಇದ್ದಳು. ಅಪ್ಪಯ್ಯ ನನ್ನೊಬ್ಬನನ್ನೇ ಹೊತ್ಕೊಂಡು ಹೋದ್ರು,” ಎಂದೆ.

ಅಕ್ಕ ಪಾಯಸ ಬಡಿಸುತ್ತಿದ್ದಳು. ಅವಳು ನನಗಿಂತ ಎಂಟು ವರ್ಷ ದೊಡ್ಡವಳು. ಸೀತೂರಿನ ಕಡೆ ಕೊಟ್ಟಿದ್ದು, ತಿಥಿಗೆ ತಪ್ಪದೆ ಬರುತ್ತಾಳೆ. ಸೌಟು ನನ್ನ ಎಲೆಯ ಮೇಲೆ ನಿಂತಿತು.

“ಯಾರಾ ಅಳ್ತಾ ಕೂತಿದ್ದು?”

“ನೀನೇ ಅಕ್ಕ. ಸಣ್ಣೋಳಲ್ದಾ ಆಗ, ಹೆದ್ರಿಕೆ ಸಹಜ.”

“ನಿನ್ನ ತಲೆ. ಅಪ್ಪಯ್ಯ ಅವತ್ತು ಅಬ್ಬಿ ಹತ್ತಿದ್ದೇ ಇಲ್ಲ ಮಾರಾಯ. ನಿನ್ನ ಹೊತ್ತಿದ್ದು ನಾನು.”

ಪಂಕ್ತಿಯಲ್ಲಿ ಎಲ್ಲರ ಕೈ ನಿಂತಿತು. ಪುರೋಹಿತರ ಕೈ ಮಾತ್ರ ನಿಲ್ಲಲಿಲ್ಲ, ಅವರು ವೃತ್ತಿಯಲ್ಲಿ ಪಳಗಿದವರು. ನಾನು ನಗಲು ನೋಡಿದೆ. ನನ್ನ ಹತ್ತಿರ ಗಟ್ಟಿ ಸಾಕ್ಷ್ಯವಿತ್ತು. ಅಪ್ಪಯ್ಯನ ಕಂಬಳಿಗೆ ಮನೆಯಲ್ಲಿ ಬೇರೆಯೇ ಗೂಟವಿತ್ತು. ಅದನ್ನು ಇನ್ನೊಬ್ಬರು ಹೊದೆಯುವುದಿರಲಿ, ಮುಟ್ಟುವಂತೆಯೂ ಇರಲಿಲ್ಲ ಎಂದು ಅಮ್ಮನೇ ಹೇಳುತ್ತಿದ್ದಳು. ಹೊಗೆಸೊಪ್ಪು ಹಾಕುತ್ತಿದ್ದವರೂ ಅಪ್ಪಯ್ಯ ಒಬ್ಬರೇ. ಇದನ್ನೆಲ್ಲ ಎಲೆಯ ಮುಂದೆ ಕೂತು ಪ್ರಬಂಧ ಮಂಡಿಸುವ ಹಾಗೆ ಮಂಡಿಸಿದೆ.

“ಕಂಬಳಿ ಅಪ್ಪಯ್ಯಂದೇ,” ಎಂದಳು ಅಕ್ಕ. “ಅದ್ರೊಳಗೆ ಇದ್ದಿದ್ದು ನಾನು. ಇಷ್ಟು ವರ್ಷ ಹೋಗ್ಲಿ ಅಂತ ಬಿಟ್ಟಿದ್ದೆ. ಈಗ ನನ್ನನ್ನೇ ಕೆಳಗೆ ಕೂರ್ಸಿ ಅಳಿಸ್ತಾ ಇದ್ದಿಯಲ್ಲಾ, ಇನ್ನು ಆಗಲ್ಲ.”

ಭಾವ, ಅಂದರೆ ಅಕ್ಕನ ಗಂಡ, ಸಾರಿಗೆ ಕೈಯಿಟ್ಟವರು ತಲೆ ಎತ್ತಿದರು. “ಭಾನುವಾರ ಹೋಗಿ ನೋಡ್ಕಂಡು ಬಂದ್ರಾಯ್ತಪ್ಪ. ಅಬ್ಬಿ ಎಂತ ಓಡಿ ಹೋಗತ್ತಾ?”

ಆ ವಾರವಿಡೀ ನನಗೆ ಸರಿಯಾಗಿ ಪಾಠ ಮಾಡಲಾಗಲಿಲ್ಲ. ಅಕ್ಕನ ಮಾತು ನಿಜವಾದರೆ ಅಪ್ಪಯ್ಯನ ಲೆಕ್ಕದಲ್ಲಿ ನನ್ನ ಹತ್ತಿರ ಇರುವುದು ಮದುವೆ ಚಪ್ಪರದ ಕೆಳಗಿನ ಆ ಆಸಾಮಿ ಮಾತ್ರ. ಅವನನ್ನು ನಾನು ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡರೂ ಗುರುತು ಹಿಡಿಯಲಾರೆ. ಐವತ್ತು ದಾಟಿದ ಮೇಲೆ ಹೊಸ ಅಪ್ಪನನ್ನು ಸಂಪಾದಿಸುವುದು ಕಷ್ಟ.

ಭಾನುವಾರ ಅಕ್ಕ, ಭಾವ ಸೀತೂರಿನಿಂದ ಕಾರಿನಲ್ಲಿ ಬಂದು ಕೊಪ್ಪದಲ್ಲಿ ನನ್ನನ್ನು ಹತ್ತಿಸಿಕೊಂಡರು. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಅಬ್ಬಿಯ ಬುಡದಲ್ಲಿ ಮೊದಲು ಗದ್ದೆಯಿದ್ದ ಜಾಗವೆಲ್ಲ ಪಾರ್ಕಿಂಗ್ ಆಗಿದೆ. ಆಷಾಢದಲ್ಲಿ ನಾಟಿ ನಡೆಯಬೇಕಾದ ಕೆಸರಿನಲ್ಲಿ ಕಾರುಗಳನ್ನು ಸಾಲಾಗಿ ನೆಟ್ಟಿದ್ದರು. ದಾರಿಯ ಬಾಯಲ್ಲಿ ‘ಪ್ರಕೃತಿಯ ಮೌನವನ್ನು ಆಲಿಸಿ’ ಎಂಬ ಬೋರ್ಡು, ಅದರ ನೆತ್ತಿಯ ಮೇಲೊಂದು ಧ್ವನಿವರ್ಧಕ. ಕಸ ಹಾಕಬೇಡಿ, ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ ಎಂದು ಅದು ಬಿಡುವಿಲ್ಲದೆ ಕೂಗುತ್ತಿತ್ತು. ನಾವು ಮೂವರೂ ಸ್ವಲ್ಪ ಹೊತ್ತು ನಿಂತು ಮೌನವನ್ನು ಆಲಿಸಿದೆವು.

“ಎಂತಾ ಜನ ಮಾರಾಯ,” ಎಂದರು ಭಾವ. “ನಮ್ಮೂರಲ್ಲಿ ಅಡಕೆ ಕೊಯ್ಲಿಗೆ ನಾಕು ಜನ ಬನ್ನಿ ಅಂದ್ರೆ ಒಬ್ರು ಸಿಕ್ಕಲ್ಲ. ನೀರು ಬೀಳೋದು ನೋಡಕ್ಕೆ ಇಷ್ಟು ಜನ.”

“ಕೊಯ್ಲಿಗೆ ನೀವು ಟಿಕೆಟ್ ಇಡಿ, ಭಾವ. ಆಗ ಬರ್ತಾರೆ.”

ಹತ್ತಲು ಶುರು ಮಾಡಿದೆವು. ಹಳ್ಳದ ಪಕ್ಕ ಉದ್ದಕ್ಕೂ ಸಿಮೆಂಟಿನ ಮೆಟ್ಟಿಲು, ಸ್ಟೀಲಿನ ಕಂಬಿ. ಎರಡು ಕಡೆಯ ಬಂಡೆಗಳು ಮಾತ್ರ ಹಾಗೇ ಇದ್ದವು. ಅವುಗಳನ್ನು ಅಭಿವೃದ್ಧಿಪಡಿಸಲು ಇನ್ನೂ ಅನುದಾನ ಬಂದಿರಲಿಕ್ಕಿಲ್ಲ. ಮುಂದೆ ಹೋಗುತ್ತಿದ್ದ ಗುಂಪಿನಲ್ಲಿ ಒಬ್ಬಳ ಕಾಲಿಗೆ ಇಂಬಳ, ಅಂದರೆ ಕಾಡಿನ ಜಿಗಣೆ, ಹತ್ತಿತು. ಅವಳ ಕೂಗಿಗೆ ಇಡೀ ಕಣಿವೆಯೇ ತಿರುಗಿ ನೋಡಿತು. ಅವಳ ಜೊತೆಗಾರ ಅದನ್ನು ಕೀಳುವ ಬದಲು ವಿಡಿಯೊ ಮಾಡಿಕೊಂಡ. ಅಕ್ಕ ಹೋಗಿ ತನ್ನ ಕೈಚೀಲದಿಂದ ಸುಣ್ಣ, ಹೊಗೆಸೊಪ್ಪು ಕಟ್ಟಿದ ಬಟ್ಟೆಯ ಗಂಟು ತೆಗೆದು ಕಾಲಿಗೆ ಒತ್ತಿದಳು. ಇಂಬಳ ಬಿದ್ದುಹೋಯಿತು.

“ಥ್ಯಾಂಕ್ಯೂ ಆಂಟಿ, ಇದು ಆರ್ಗ್ಯಾನಿಕ್ಕಾ?” ಎಂದಳು ಆ ಹುಡುಗಿ.

“ಹೌದಮ್ಮ, ಇಂಬಳಾನೂ ಆರ್ಗ್ಯಾನಿಕ್ಕೇ,” ಎಂದಳು ಅಕ್ಕ.

ನಾನು ನಗಲಿಲ್ಲ. ನನ್ನ ಗಮನವೆಲ್ಲ ಮುಂದಿನ ಬಂಡೆಯ ಮೇಲಿತ್ತು. ತಲೆಯನ್ನು ಸವರಿದ ಬಂಡೆ ಈ ದಾರಿಯಲ್ಲಿ ಇರಲೇಬೇಕು. ಅದರ ಎತ್ತರ ಸಿಕ್ಕಿದರೆ ತೀರ್ಪು ಸಿಕ್ಕಿದಂತೆ. ಬೆನ್ನ ಮೇಲೆ ಕೂತ ಮಗುವಿನ ತಲೆಯನ್ನು ಅದು ಮೆಲ್ಲಗೆ ಸವರಬೇಕಾದರೆ, ಹೊತ್ತವರು ಎಷ್ಟು ಎತ್ತರ ಇದ್ದಿರಬೇಕೆಂದು ಹೇಳಬಹುದು. ಈ ತರ್ಕ ನನಗೆ ಬುಧವಾರ ಮೂರನೇ ಪಿರಿಯಡ್ಡಿನಲ್ಲಿ, ಬೇರೆಯದೇ ಒಂದು ಸಾಮ್ರಾಜ್ಯವನ್ನು ಪತನಗೊಳಿಸುತ್ತಿರುವಾಗ ಹೊಳೆದಿತ್ತು.

ಬಂಡೆ ಸಿಕ್ಕಿತು. ಹಳ್ಳ ಬಲಕ್ಕೆ ಹೊರಳುವ ಜಾಗದಲ್ಲಿ ಅದು ದಾರಿಯ ಮೇಲೆ ಚಾಚಿಕೊಂಡಿತ್ತು. ಅದಕ್ಕೆ ಯಾರೋ ಹಳದಿ ಬಣ್ಣದಲ್ಲಿ ‘ತಲೆ ಜೋಪಾನ’ ಎಂದು ಬರೆದಿದ್ದರು. ಅದರ ಕೆಳಗೆ ಇಬ್ಬರು ಹುಡುಗರು ರೀಲ್ ಮಾಡುತ್ತಿದ್ದರು. ಒಬ್ಬ ನಡೆದು ಬರುವುದು, ಇನ್ನೊಬ್ಬ ಹಿಡಿಯುವುದು, ಸರಿಯಾಗಲಿಲ್ಲವೆಂದು ಮತ್ತೆ ನಡೆದು ಬರುವುದು. ಅವರ ಸಹಜ ನಡಿಗೆ ಸಹಜವಾಗುವವರೆಗೂ ಕಾದೆವು. ಆಮೇಲೆ ನಾನು ಹೋಗಿ ಬಂಡೆಯ ಕೆಳಗೆ ನಿಂತೆ. ಅದು ನನ್ನ ಎದೆಯ ಮಟ್ಟಕ್ಕಿತ್ತು.

“ಈಗ ಹೇಳು,” ಎಂದಳು ಅಕ್ಕ. “ಅಪ್ಪಯ್ಯನ ಎತ್ರಕ್ಕೆ ನಿನ್ನ ಹೊತ್ಕಂಡು ಇದ್ರಡಿ ಹೆಂಗಾ ಹೋಗದು? ನಾಕು ಕಾಲಲ್ಲಿ ಹೋಗ್ಬೇಕಿತ್ತು.”

ನಾನು ಕೆಳಗೆ ನೋಡಿದೆ. “ಅಕ್ಕ, ಈ ಮೆಟ್ಟಿಲು ಆಗ ಇತ್ತಾ?”

“ಎಲ್ಲಿತ್ತು?”

“ಹಂಗಾದ್ರೆ ನೆಲ ಎಷ್ಟು ಎತ್ತರ ಆಗಿದೆ ಅಂತ ಯಾರಿಗೆ ಗೊತ್ತು? ಸಿಮೆಂಟಿನ ಅಡೀಲಿ ಎಷ್ಟು ಆಳ ಇತ್ತೋ ಏನೋ. ಸಾಕ್ಷ್ಯ ಹಾಳಾಗಿದೆ.”

“ನೋಡಿ ನಿಮ್ಮ ಭಾವಮೈದನ್ನ,” ಎಂದಳು ಅಕ್ಕ ಗಂಡನ ಕಡೆ ತಿರುಗಿ. “ಸಿಮೆಂಟ್ ಅಗ್ಸಿ ನೋಡ್ತಾನಂತೆ.”

“ಅಗೀಲಿ ಬಿಡು. ಯೂನಿವರ್ಸಿಟೀಲಿ ಅದೇ ಅಲ್ದಾ ಕಲ್ಸದು.”

ಪ್ರವಾಸೋದ್ಯಮ ನನ್ನ ಅಪ್ಪನನ್ನು ಉಳಿಸಿತು ಎಂದುಕೊಂಡೆ. ಜೀವನದಲ್ಲಿ ಮೊದಲ ಸಲ ಕಾಂಟ್ರಾಕ್ಟರನೊಬ್ಬನ ಬಗ್ಗೆ ಕೃತಜ್ಞತೆ ಹುಟ್ಟಿತು.

ಅದು ಹೆಚ್ಚು ಹೊತ್ತು ಬಾಳಲಿಲ್ಲ. ಇನ್ನೂ ಸ್ವಲ್ಪ ಮೇಲೆ ಹೋದಾಗ ಮೆಟ್ಟಿಲೂ ಮುಗಿಯಿತು, ಕಂಬಿಯೂ ಮುಗಿಯಿತು. ಅಲ್ಲಿಂದ ಒಂದು ಹಾಸುಬಂಡೆಯನ್ನು ಅಡ್ಡ ದಾಟಿದರೆ ಅಬ್ಬಿಯ ಎದುರಿಗೆ ಬರುತ್ತೇವೆ. ಬಂಡೆಯ ಮೇಲೆ ಕಣಕಾಲು ಮುಳುಗುವಷ್ಟು ನೀರು ಹರಿಯುತ್ತಿತ್ತು. ಎಡಗಡೆ ಹಳ್ಳ ಕೆಳಕ್ಕೆ ಧುಮುಕುವ ಕೊರಕಲು. ಹಿಡಿದುಕೊಳ್ಳಲು ಈ ತುದಿಯಿಂದ ಆ ತುದಿಗೆ ಒಂದು ಹಗ್ಗ. ಭಾವ ಪ್ಯಾಂಟು ಮಡಚಿ, ಗದ್ದೆಯ ಅಂಚಿನ ಮೇಲೆ ಹೋಗುವವರಂತೆ ಹೋಗಿಬಿಟ್ಟರು. ನಾನು ಹಗ್ಗ ಹಿಡಿದೆ. ಎಡಕ್ಕೆ ನೋಡಬಾರದು ಎಂದುಕೊಂಡೆ, ನೋಡಿದೆ. ತಲೆ ಗಿರ್ರೆಂದಿತು. ಕಾಲು ಮುಂದೆ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ಹಿಂದಿದ್ದ ಒಬ್ಬ “ಅಂಕಲ್, ಸ್ವಲ್ಪ ಫಾಸ್ಟ್,” ಎಂದ. ಆ ಕ್ಷಣದಲ್ಲಿ ನಾನು ಯಾವ ಯುಗಕ್ಕೆ ಸೇರಿದವನೆಂಬುದೇ ಅನುಮಾನವಾಗಿತ್ತು, ಇನ್ನು ಫಾಸ್ಟ್ ಎಲ್ಲಿಂದ ಬರಬೇಕು?

ಅಕ್ಕ ನನ್ನನ್ನು ಬಳಸಿಕೊಂಡು ಮುಂದೆ ಬಂದಳು. ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ, “ನನ್ನ ಸೊಂಟ ಹಿಡ್ಕ. ಆ ಕಡೆ ನೋಡ್ಬೇಡ. ಕಣ್ಣು ಮುಚ್ಚಿದ್ರೂ ಅಡ್ಡಿಲ್ಲ,” ಎಂದಳು.

ಐವತ್ತು ದಾಟಿದ ಅಧ್ಯಾಪಕ ಅಕ್ಕನ ಸೊಂಟ ಹಿಡಿದು ಹಳ್ಳ ದಾಟುವುದನ್ನು ಯಾರ‍್ಯಾರ ಮೊಬೈಲು ಸೆರೆಹಿಡಿದಿದೆಯೋ ಗೊತ್ತಿಲ್ಲ. ನಾನು ಕಣ್ಣು ಮುಚ್ಚಿದೆ. ಅಕ್ಕ ಒಂದು ಹೆಜ್ಜೆ ಇಟ್ಟು ನಿಂತು ನಡೆಯುತ್ತಿದ್ದಳು. ಅವಳಿಗೂ ಹೆದರಿಕೆಯಿತ್ತು, ಅವಳ ಸೊಂಟ ಬಿಗಿದಿದ್ದರಿಂದ ಗೊತ್ತಾಗುತ್ತಿತ್ತು. ನಡುವೆ ಒಂದು ಕಡೆ ಅವಳು ಬಗ್ಗಿದಾಗ ನನ್ನ ಹಣೆ, ಆಮೇಲೆ ಕೆನ್ನೆ, ಅವಳ ಬೆನ್ನಿಗೆ ಒತ್ತಿತು.

ಬೆನ್ನಿನೊಳಗೆ ಗುನುಗು ನಡೆದಿತ್ತು.

ಅದೇ ಲಯ. ಸಣ್ಣ ಸಣ್ಣ ತುಂಡು, ಪ್ರತಿ ತುಂಡಿನ ಕೊನೆಗೆ ಒಂದು ಇಳಿತ. ಸಾಗಿತು, ಸಾಗಿತು, ಒಂದು ಜಾಗದಲ್ಲಿ ತಡೆದು ನಿಂತಿತು. ಮತ್ತೆ ಮೊದಲಿನಿಂದ ಶುರುವಾಯಿತು. ಹಾಸುಬಂಡೆ ಮುಗಿಯುತ್ತ ಬಂದಂತೆ ಅವಳ ಸ್ವರ ಸ್ವಲ್ಪ ಏರಿ, ನೀರಿನ ಸದ್ದಿನ ನಡುವೆಯೂ ಪದಗಳು ಕೇಳಿದವು. “ಹದಿಮೂರ್ ಐದ್ಲೆ ಅರವತ್ತೈದು, ಹದಿಮೂರಾರ‍್ಲೆ ಎಪ್ಪತ್ತೆಂಟು, ಹದಿಮೂರೇಳ್ಲೆ...”

ನಿಂತಿತು. ಮತ್ತೆ, “ಹದಿಮೂರೊಂದ್ಲೆ ಹದಿಮೂರು.”

ಆಚೆ ದಡ ಹತ್ತಿದ ಮೇಲೂ ನಾನು ಅವಳ ಸೊಂಟ ಬಿಟ್ಟಿರಲಿಲ್ಲ. ಭಾವ ನಗುತ್ತಿದ್ದರು. “ಹೆದರಿದ್ರೆ ಇವ್ಳು ಮಗ್ಗಿ ಹೇಳದು ಮಾರಾಯ. ಹೆರಿಗೆಗೆ ಹೋದಾಗ್ಲೂ ಅದೇ. ನರ್ಸು, ಎಂತಮ್ಮ ಪರೀಕ್ಷೆಗೆ ಓದಿಲ್ವಾ ಅಂತ ಕೇಳಿದ್ಲು.”

“ಹದಿಮೂರರ ಮಗ್ಗಿ ನಂಗೆ ಇವತ್ತಿಗೂ ಆರರ ಮೇಲೆ ಬರಲ್ಲ,” ಎಂದಳು ಅಕ್ಕ ಸೆರಗು ಹಿಂಡುತ್ತ. “ಆ ವರ್ಷ ಮೇಷ್ಟ್ರು ಅದಕ್ಕೇ ಹೊಡೀತಿದ್ರು.”

ಎದುರಿಗೆ ಅಬ್ಬಿ ಬೀಳುತ್ತಿತ್ತು. ಸುಮಾರಾಗಿ ಎಲ್ಲ ಜಲಪಾತಗಳ ಹಾಗೆಯೇ ಬೀಳುತ್ತಿತ್ತು. ಜನ ಅದಕ್ಕೆ ಬೆನ್ನು ಹಾಕಿ ನಿಂತು ತಮ್ಮ ಮುಖದ ಫೋಟೊ ತೆಗೆದುಕೊಳ್ಳುತ್ತಿದ್ದರು. ನಾನೂ ಅದನ್ನು ಸರಿಯಾಗಿ ನೋಡಲಿಲ್ಲ. ವರ್ಷವರ್ಷವೂ ಎಲೆಯ ಮುಂದೆ ನಾನು ಭಕ್ತಿಯಿಂದ ವರ್ಣಿಸಿದ ಸ್ತೋತ್ರ, ಹನ್ನೆರಡು ವರ್ಷದ ಹುಡುಗಿಗೆ ಬಾಯಿಪಾಠವಾಗದ ಮಗ್ಗಿ. ದೇವರಿಗೆ ನಮಸ್ಕಾರ ಮಾಡಲು ನಿಲ್ಲುತ್ತಿದ್ದ ಜಾಗ, ತೊಂಬತ್ತೊಂದು. ಇದಕ್ಕೆ ನಾನು ಯಾವ ಸಿಮೆಂಟಿನ ತಕರಾರೂ ತೆಗೆಯುವಂತಿರಲಿಲ್ಲ. ಆ ತಡೆಯುವ ಜಾಗವನ್ನು ನಾನೇ ಪ್ರತಿ ವರ್ಷ ಎಲ್ಲರ ಮುಂದೆ ದಾಖಲಿಸಿದ್ದೆ. ನನ್ನ ವಿರುದ್ಧ ನಾನೇ ಮುಖ್ಯ ಸಾಕ್ಷಿ.

ಅಕ್ಕ ನನ್ನ ಮುಖ ನೋಡಿ ಒಂದು ಬಂಡೆಯ ಮೇಲೆ ಕೂತಳು. ಜಗಳ ಗೆದ್ದವಳ ಹಾಗೆ ಕಾಣಲಿಲ್ಲ.

“ಇಷ್ಟು ವರ್ಷ ಎಂತಕ್ಕೆ ಹೇಳ್ಲಿಲ್ಲ ಅಕ್ಕ?”

“ಅಪ್ಪಯ್ಯಂದು ಅಂತ ನಿಂಗೆ ಬೇರೆ ಎಂತ ಇತ್ತಾ? ಇಟ್ಕಳ್ಲಿ ಅಂತ ಸುಮ್ನಿದ್ದೆ. ಅಮ್ಮನೂ ಅದಕ್ಕೇ ಸುಮ್ನಿದ್ಲು.”

“ಮತ್ತೆ ಅಪ್ಪಯ್ಯ ಎಲ್ಲಿದ್ರು?”

“ಕೆಳಗೆ.”

“ಕೆಳಗೆ ಎಂತ ಮಾಡ್ತಿದ್ರು?”

“ಕೂತಿದ್ರು. ಅಪ್ಪಯ್ಯಂಗೆ ಎತ್ರ ಕಂಡ್ರೆ ಆಗ್ತಿರ್ಲಿಲ್ಲ, ನಿನ್ನ ಹಂಗೇ ತಲೆ ತಿರುಗ್ತಿತ್ತು. ಮರ ಬಿಡು, ಅಟ್ಟ ಹತ್ತಿದ್ರೆ ಇಳಿಯಕ್ಕೆ ಅಮ್ಮ ಏಣಿ ಹಿಡೀಬೇಕಿತ್ತು. ಅವತ್ತು ಸ್ವಲ್ಪ ದೂರ ಬಂದ್ರು. ಹಳ್ಳ ಕಂಡಿದ್ದೇ, ನಾ ಇಲ್ಲೇ ಇರ್ತೀನಿ, ನೀವು ಹೋಗಿ ಬನ್ನಿ ಅಂದ್ರು. ಅಮ್ಮ ಅಜ್ಜಿನ ಹಿಡ್ಕಳ್ಬೇಕಿತ್ತು. ನಿನ್ನ ನನ್ನ ಬೆನ್ನಿಗೆ ಹಾಕಿದ್ರು. ತಮ್ಮ ಕಂಬಳಿ ತೆಗ್ದು ನನ್ನ ತಲೆ ಮೇಲೆ ಕೊಪ್ಪೆ ಹಾಕಿದ್ರು.”

“ಅಪ್ಪಯ್ಯನ ಕಂಬಳಿ ಯಾರೂ ಮುಟ್ಟೋ ಹಾಗಿರ್ಲಿಲ್ವಲ್ಲ?”

“ನಾವು ಮುಟ್ಟೋ ಹಾಗಿರ್ಲಿಲ್ಲ. ಅವ್ರು ಕೊಡೋ ಹಾಗಿತ್ತು.”

“ಅವರು ಎಂತ ಹೊದ್ಕೊಂಡ್ರು ಮತ್ತೆ?”

“ಎಂತ ಇಲ್ಲ. ಒಂದು ಕಲ್ಲಿನ ಮೇಲೆ ನೆನೀತಾ ಕೂತಿದ್ರು. ನಾವು ಬರೋ ತನಕ.”

ಭಾವ ಜೋಳ ಸುಡುವವನ ಹತ್ತಿರ ಹೋಗಿದ್ದರು. ನಾನು ಅಕ್ಕನ ಪಕ್ಕ ಕೂತು, ನನ್ನ ಬುದ್ಧಿಗೆ ತಕ್ಕ ಹಾಗೆ ಪ್ರಶ್ನೆ ಕೇಳುತ್ತ ಹೋದೆ. ಕಲ್ಲು ಯಾವ ಕಡೆ ಇತ್ತು? ಕಂಬಳಿ ಕೊಡುವಾಗ ಏನಾದರೂ ಹೇಳಿದರಾ? ನಾವು ವಾಪಸ್ಸು ಬಂದಾಗ?

“ಬಂದಾಗ ಕಂಬಳಿ ಸರಿಸಿ ನಿನ್ನ ತಲೆ ಮುಟ್ಟಿ ನೋಡಿದ್ರು. ‘ಒಣಗೇ ಇದೆ’ ಅಂದ್ರು. ಅಷ್ಟೇ.”

ನಾನು ಆ ಕೈಯನ್ನು ನೆನಪಿಸಿಕೊಳ್ಳಲು ನೋಡಿದೆ. ಒದ್ದೆ ಕೈ ಇದ್ದಿರಬೇಕು, ತಣ್ಣಗಿದ್ದಿರಬೇಕು. ಇರಬೇಕು, ಇರಬೇಕು ಎಂದು ಕತೆ ಕಟ್ಟುವುದು ನನಗೆ ಚೆನ್ನಾಗಿ ಗೊತ್ತು, ಅದರಲ್ಲಿ ಈಗಾಗಲೇ ಸಾಕಷ್ಟು ಸಾಧನೆ ಮಾಡಿದ್ದೇನೆ. ನಿಲ್ಲಿಸಿದೆ.

“ನಂಗೆ ನೆನಪಿಲ್ಲ ಅಕ್ಕ.”

“ಹೆಂಗೆ ಇರತ್ತೆ? ಅಷ್ಟು ಹೊತ್ತಿಗೆ ನೀನು ನಿದ್ದೆ ಹೋಗಿದ್ದಿ. ನನ್ನ ಹೆಗಲ ಮೇಲೆಲ್ಲ ಜೊಲ್ಲು.”

ಇಳಿಯುವಾಗ ಅಕ್ಕನೇ ಮತ್ತೆ ಮುಂದಿದ್ದಳು. ಪಾರ್ಕಿಂಗಿಗೆ ಬಂದ ಮೇಲೆ ಅಪ್ಪಯ್ಯ ಎಲ್ಲಿ ಕೂತಿದ್ದರೆಂದು ತೋರಿಸು ಎಂದೆ. ಅವಳು ಕಾರುಗಳ ನಡುವೆ ಅತ್ತಿತ್ತ ನೋಡಿ, “ಇಲ್ಲೇ ಎಲ್ಲೋ ಮಾರಾಯ. ಜೆಸಿಬಿ ಬಂದ್ಮೇಲೆ ಕಲ್ಲು ಯಾವುದು, ಗದ್ದೆ ಯಾವುದು?” ಎಂದಳು. ನಾನು ಒಂದು ಬಿಳಿ ಕಾರಿನ ಪಕ್ಕ ನಿಂತೆ. ಸಣ್ಣಗೆ ಹನಿ ಶುರುವಾಗಿತ್ತು. ಸೀಟಿ ಹಿಡಿದವನೊಬ್ಬ ಬಂದು, “ಸಾರ್, ಇದು ನಿಮ್ಮ ಗಾಡಿನಾ? ಅಲ್ಲ ಅಂದ್ರೆ ಅಡ್ಡ ನಿಲ್ಬೇಡಿ,” ಎಂದ. ನನ್ನದಲ್ಲ ಎಂದು ಸರಿದೆ.

ಕಾರು ಶೃಂಗೇರಿಯ ರಸ್ತೆಗೆ ಬಂದ ಮೇಲೆ ಅಕ್ಕನಿಗೆ, “ಇನ್ನೊಂದು ಸಲ ಹೇಳು. ಮೊದಲಿಂದ,” ಎಂದೆ.

“ಎಂತದಾ?”

“ಅಪ್ಪಯ್ಯ ಕಂಬಳಿ ಕೊಟ್ಟಿದ್ದು.”

ಅವಳು ಹೇಳಿದಳು. ಈ ಸಲ ಅಪ್ಪಯ್ಯ ಕೂತಿದ್ದು ಕಲ್ಲಿನ ಮೇಲಲ್ಲ, ಒಂದು ಹಲಸಿನ ಮರದ ಬುಡದಲ್ಲಿ. ‘ಒಣಗೇ ಇದೆ’ ಎನ್ನುವ ಬದಲು, ‘ಮಾಣಿ ನೆಂದಿಲ್ಲ, ಅಡ್ಡಿಲ್ಲ,’ ಎಂದರು. ಆಮೇಲೆ ಅವಳ ತಲೆಯನ್ನೂ ಮುಟ್ಟಿ ನೋಡಿದರಂತೆ. ಮೊದಲ ಸಲ ಹೇಳುವಾಗ ಅದಿರಲಿಲ್ಲ.

ಭಾವ ಕನ್ನಡಿಯಲ್ಲಿ ನನ್ನನ್ನು ನೋಡಿದರು, ನಾನು ಈಗ ಏನಾದರೂ ಹೇಳುತ್ತೇನೆಂದು. ಆಧಾರ ಕೇಳುವ ಬದಲು ನಾನು, “ಆಮೇಲೆ?” ಎಂದೆ. ಹರಿಹರಪುರ ಬರುವವರೆಗೂ ಅಕ್ಕ ಹೇಳುತ್ತಲೇ ಇದ್ದಳು, ನಾನು ಕೇಳುತ್ತಲೇ ಇದ್ದೆ.